ಯಳಂದೂರಿಗೆ ಮೂಡಲು, ಹನೂರಿಗೆ ಪಡುವಲು

ಬಿಳಿಗಿರಿರಂಗನ ಬೆಟ್ಟ ಎಲ್ಲಿದೆ ಅಂತ ಯಳಂದೂರಿನಲ್ಲಿ ಕೇಳಿದ್ರೆ ಮೂಡಗಡೆ ಕೈ ತೋರಿಸ್ತಾರೆ. ಹನೂರಿನಲ್ಲಿ ಕೇಳಿದ್ರೆ ಪಡುಗಡೆ. ಕೊಳ್ಳೇಗಾಲದವರಿಗೆ ಅದೇ ಬೆಟ್ಟ ತೆಂಕಲು. ಮೂವರು ಹೇಳಿದ್ದೂ ಸರಿನೇ. ಬೆಟ್ಟದ ಸಾಲು ಉತ್ತರ-ದಕ್ಷಿಣವಾಗಿ ಮಧ್ಯದಲ್ಲಿ ಮಲಗಿದೆ, ಊರುಗಳು ಸುತ್ತ ಕೂತಿವೆ. ದಿಕ್ಕು ಬೆಟ್ಟಕ್ಕೆ ಅಂಟಿಕೊಂಡಿರುವ ಗುಣ ಅಲ್ಲ, ನಾವು ನಿಂತ ಜಾಗಕ್ಕೆ ಸೇರಿದ್ದು.

ಈ ದಿಕ್ಕನ್ನೇ ನಂಬರಿನಲ್ಲಿ ಹೇಳಿದ್ರೆ ಅದು ಅಜಿಮತ್. ಪದ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದರ ಅರ್ಥವೂ ದಿಕ್ಕುಗಳು ಅಂತಲೇ. ಕನ್ನಡದಲ್ಲಿ ದಿಗಂಶ ಅಂತಾರೆ, ನಮಗೆ ಈ ಪದವೇ ಜಾಸ್ತಿ ಇಷ್ಟ, ಯಾಕಂದ್ರೆ ದಿಕ್ಕೂ ಡಿಗ್ರಿಯೂ ಒಂದೇ ಪದದಲ್ಲಿವೆ. ಉತ್ತರ 0, ಗಡಿಯಾರದ ಮುಳ್ಳಿನಂತೆ ತಿರುಗಿದರೆ ಪೂರ್ವ 90, ದಕ್ಷಿಣ 180, ಪಶ್ಚಿಮ 270. ಕೊಳ್ಳೇಗಾಲದಿಂದ ಹನೂರು ಸುಮಾರು 110 ಡಿಗ್ರಿ, ಯಳಂದೂರು ಸುಮಾರು 230. ಹನೂರಿನಿಂದ ವಾಪಸ್ ನೋಡಿದರೆ 110ಕ್ಕೆ 180 ಸೇರಿಸಿ, 290. ಸರ್ವೇ ಲ್ಯಾಬಿನಲ್ಲಿ ಪ್ರಿಸ್ಮ್ಯಾಟಿಕ್ ಕಂಪಾಸ್ ಹಿಡಿದಾಗ ಈ 180 ಬರದಿದ್ರೆ ಒಂದು ಕಾರಣ ಹತ್ತಿರದಲ್ಲಿರುವ ಕಬ್ಬಿಣ. ಗೇಟು, ಬೈಕು, ಕರೆಂಟ್ ಕಂಬ, ಯಾವುದಾದರೂ ಆಗಬಹುದು.

ನಂಬರ್ ಯಾಕೆ ಬೇಕು? ಬೇಸಿಗೆಯಲ್ಲಿ ಕಾಡಿನ ಮೇಲೆ ಹೊಗೆ ಎದ್ದಿದೆ ಅಂದುಕೊಳ್ಳಿ. "ಬೆಟ್ಟದ ಕಡೆ ಹೊಗೆ" ಅಂತ ಫೋನ್ ಮಾಡಿದ್ರೆ ಯಾರಿಗೂ ಉಪಯೋಗ ಇಲ್ಲ, ಬೆಟ್ಟ ಅಷ್ಟು ಉದ್ದ ಇದೆ. ಯಳಂದೂರಿನಿಂದ ಒಬ್ಬರು 120 ಅಂದು, ಕೊಳ್ಳೇಗಾಲದಿಂದ ಇನ್ನೊಬ್ಬರು 170 ಅಂದರೆ, ಮ್ಯಾಪಿನಲ್ಲಿ ಎರಡು ಗೆರೆ ಎಳೆದ ಕೂಡಲೇ ಅವು ಒಂದೇ ಕಡೆ ಕೂಡ್ತವೆ. ಬೆಂಕಿ ಅಲ್ಲೇ. ಒಂದು ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗ್ತೀವಿ, 20 ಕಿ.ಮೀ. ದೂರಕ್ಕೆ ಅದು 350 ಮೀಟರ್. ಹಳ್ಳದ ಈಚೆ ದಡವೋ ಆಚೆ ದಡವೋ ಅನ್ನೋದು ಅಷ್ಟರಲ್ಲೇ ಬದಲಾಗುತ್ತೆ.

ಕಂಪಾಸ್ ತೋರಿಸೋದು ಕಾಂತೀಯ ಉತ್ತರ. ನಮ್ಮ ಕಡೆ ಅದು ನಿಜವಾದ ಉತ್ತರಕ್ಕಿಂತ ಒಂದೆರಡು ಡಿಗ್ರಿ ಪಶ್ಚಿಮಕ್ಕೆ ವಾಲಿದೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಟ್ರೂ ನಾರ್ತ್ ಆನ್ ಮಾಡಿದ್ರೆ ಅದೇ ಲೆಕ್ಕ ಸರಿ ಮಾಡಿಕೊಳ್ಳುತ್ತೆ.

ಫೋನ್ ಸತ್ತರೆ ಸೂರ್ಯ ಇದ್ದಾನಲ್ಲ ಅಂತೀರಾ? ಇಲ್ಲಿ ಹುಷಾರು. ಸೂರ್ಯ ಸರಿಯಾಗಿ ಪೂರ್ವಕ್ಕೆ ಹುಟ್ಟೋದು ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ಆಸುಪಾಸಿನಲ್ಲಿ ಮಾತ್ರ. ಕೊಳ್ಳೇಗಾಲದಲ್ಲಿ ಜೂನ್ 21ರಂದು ಅವನು 66 ಡಿಗ್ರಿಯಲ್ಲಿ, ಡಿಸೆಂಬರ್ 21ರಂದು 114ರಲ್ಲಿ ಹುಟ್ಟುತ್ತಾನೆ. ಅದನ್ನೇ ಪೂರ್ವ ಅಂತ ಹಿಡಿದು ಮಹದೇಶ್ವರ ಬೆಟ್ಟದ ಕಾಡಿನಲ್ಲಿ 10 ಕಿ.ಮೀ. ನಡೆದವರು ಸೇರಬೇಕಾದ ಜಾಗಕ್ಕಿಂತ 4 ಕಿ.ಮೀ. ಆಚೆ ಇರ್ತಾರೆ, ಆನೆ ಇರೋ ಕಾಡಿನಲ್ಲಿ. ಮಧ್ಯಾಹ್ನದ ನೆರಳು ಉತ್ತರ ತೋರಿಸುತ್ತೆ ಅನ್ನೋ ಸೂತ್ರವೂ ಇಲ್ಲಿ ವರ್ಷಪೂರ್ತಿ ನಡೆಯಲ್ಲ. ನಾವಿರೋದು 12 ಡಿಗ್ರಿ ಅಕ್ಷಾಂಶದಲ್ಲಿ, ಆದ್ದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಸೂರ್ಯ ನಡುನೆತ್ತಿಯ ಉತ್ತರಕ್ಕೆ ಹಾಯ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತೆ. ಆ ಸೂತ್ರ ಬರೆದವರು ಯಾವುದೋ ಚಳಿ ದೇಶದವರು ಇರಬೇಕು!

ಶುಲ್ಬಸೂತ್ರದ ಶಂಕು ವಿಧಾನಕ್ಕೆ ಈ ತೊಂದರೆ ಇಲ್ಲ. ಸಮ ನೆಲದಲ್ಲಿ ಒಂದು ಕಡ್ಡಿ ನೆಟ್ಟು ಸುತ್ತ ವೃತ್ತ ಬರೀರಿ. ಬೆಳಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವಾಗ ಒಂದು ಗುರುತು, ಸಂಜೆ ಹೊರಗೆ ಹೋಗುವಾಗ ಇನ್ನೊಂದು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವ-ಪಶ್ಚಿಮ. ಒಂದು ಹಗಲು ಬೇಕು, ಅಷ್ಟೇ.

ರಾತ್ರಿಗೆ ಧ್ರುವ ನಕ್ಷತ್ರ. 1802ರಲ್ಲಿ ಮದ್ರಾಸಿನಿಂದ ಸರ್ವೇ ಶುರು ಮಾಡಿದ ಲ್ಯಾಂಬ್ಟನ್ ಕೂಡ ದಿಗಂಶಕ್ಕೆ ಅದನ್ನೇ ನೋಡಿದ್ದು. ಅವನ ಮಹಾ ಚಾಪ ಕಾವೇರಿಯ ಆಚೆ, 78 ಡಿಗ್ರಿ ರೇಖಾಂಶದ ಗುಂಟ ಹೋಯಿತು. ಆದರೆ ನಮ್ಮೂರಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 12 ಡಿಗ್ರಿ ಮಾತ್ರ ಮೇಲೆ. ಚಾಚಿದ ಕೈಯ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ. ಉತ್ತರಕ್ಕೆ ಗುಡ್ಡವೋ ಮರವೋ ಇಲ್ಲದ ಜಾಗ ಹುಡುಕಿಕೊಂಡು ನಿಲ್ಲಬೇಕು.