‘ಅಪ್ಪಾ’ ಅಂದ ರಾಜ, ‘ಫ್ರೀ’ ಅನ್ನೋ ಟಿಕೆಟ್

ಸೋಪಿನ ಪುಡಿ, ಕುಸ್ತಿ, ಆಟಿಕೆ, ಹೊಸ ಮಾಡೆಲ್ ಕಾರು. ಫ್ರಾನ್ಸಿನ ರೋಲಾಂ ಬಾರ್ತ್ 1954ರಿಂದ 1956ರವರೆಗೆ ಪತ್ರಿಕೆಯೊಂದಕ್ಕೆ ಪ್ರತಿ ತಿಂಗಳು ಬರೆದದ್ದು ಇಂಥವುಗಳ ಬಗ್ಗೆಯೇ. 1957ರಲ್ಲಿ ಅವೆಲ್ಲ ಸೇರಿ ‘ಮಿಥಾಲಜೀಸ್’ ಎಂಬ ಪುಸ್ತಕವಾಯಿತು. ಇವತ್ತು ಕಲ್ಚರಲ್ ಥಿಯರಿ ಓದುವವರಿಗೆ ಅದು ಮೊದಲ ಪಾಠ. ಅಂದರೆ, ಎಂ.ಎ. ಸಿಲಬಸ್ ನೋಡಿ ಹೆದರಬೇಕಾಗಿಲ್ಲ. ಇದು ಹುಟ್ಟಿದ್ದೇ ಮ್ಯಾಗಜಿನ್ ಅಂಕಣವಾಗಿ.

ಬಾರ್ತ್ ಹೇಳುವುದು ಇಷ್ಟು: ಯಾರೋ, ಯಾವುದೋ ಕಾಲದಲ್ಲಿ, ಯಾವುದೋ ಲಾಭಕ್ಕೆ ಮಾಡಿಟ್ಟ ಅರ್ಥ ನಮಗೆ ಸಹಜ ಅನಿಸತೊಡಗುತ್ತದೆ. ‘ಮೊದಲಿನಿಂದಲೂ ಹಿಂಗೇ ಐತಲ್ಲ’ ಅಂದುಬಿಡುತ್ತೇವೆ. ಅವರ ಪ್ರಸಿದ್ಧ ಉದಾಹರಣೆ ‘ಪ್ಯಾರಿ ಮ್ಯಾಚ್’ ಪತ್ರಿಕೆಯ ಮುಖಪುಟ. ಫ್ರೆಂಚ್ ಸಮವಸ್ತ್ರ ತೊಟ್ಟ ಕಪ್ಪು ಹುಡುಗನೊಬ್ಬ ಸೆಲ್ಯೂಟ್ ಹೊಡೆಯುತ್ತಿದ್ದಾನೆ. ಚಿತ್ರದಲ್ಲಿರುವುದು ಇಷ್ಟೇ. ಅದು ಹೇಳುತ್ತಿರುವುದು ಮಾತ್ರ ‘ನೋಡಿ, ನಾವು ಆಳುವವರೂ ನಮ್ಮನ್ನು ಎಷ್ಟು ಪ್ರೀತಿಸುತ್ತಾರೆ’ ಎಂದು.

ಈ ಚಿತ್ರಕ್ಕೆ ಜೋಡಿಯಾಗುವಂಥದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲೂ ಇದೆ. ಭೀಮರಾಯನಗುಡಿಯಿಂದ ಬಸ್ ಹತ್ತಿ ಸುರಪುರದಲ್ಲಿ ಇಳಿದರೆ ಸಾಕು.

ಅಪ್ಪ ಯಾರು, ಮಗ ಯಾರು?

1841ರಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಸುರಪುರಕ್ಕೆ ಬಂದವನು ಫಿಲಿಪ್ ಮೆಡೋಸ್ ಟೇಲರ್. ರಾಜ ವೆಂಕಟಪ್ಪ ನಾಯಕರು ಆಗ ಇನ್ನೂ ಬಾಲಕ. ಟೇಲರ್ 1853ರವರೆಗೆ ಇಲ್ಲಿದ್ದ. ಬೋನಾಳ ಕೆರೆಯನ್ನು ದುರಸ್ತಿ ಮಾಡಿಸಿದ. ಗುಡ್ಡದ ಮೇಲಿನ ಅವನ ಬಂಗಲೆಗೆ ಜನ ಈಗಲೂ ‘ಟೇಲರ್ ಮಂಜಿಲ್’ ಅಂತಾರೆ. ಬಾಲರಾಜ ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ಎಂದು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಪುಸ್ತಕ ಅಚ್ಚಾದದ್ದು 1877ರಲ್ಲಿ, ಅವನು ಸತ್ತ ಮರುವರ್ಷ.

ಹುಡುಗನ ಪ್ರೀತಿ ಸುಳ್ಳಾಗಿರಬೇಕಿಲ್ಲ. ಟೇಲರ್‌ನ ಅಕ್ಕರೆಯೂ ನಿಜವೇ ಇದ್ದೀತು. ಆದರೆ ‘ಅಪ್ಪ’ ಎಂಬ ಒಂದು ಪದ ಏನು ಮಾಡಿತು ನೋಡ್ರಿ. ಆಳುವವನು ಹೆತ್ತವನಾದ, ಸಂಸ್ಥಾನ ಮಗುವಾಯಿತು. ಮಗು ತಿರುಗಿಬಿದ್ದರೆ ಅದು ಸ್ವಾತಂತ್ರ್ಯದ ಮಾತಲ್ಲ, ಬರೀ ಹಟ! 1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಬಂಡೆದ್ದರು. ಸೋತು ಸೆರೆಯಾದರು. ಅದೇ ವರ್ಷ ಬಂಧನದಲ್ಲಿದ್ದಾಗಲೇ ಗುಂಡೇಟಿನಿಂದ ತೀರಿಕೊಂಡರು. ಆಮೇಲೆ ಸಂಸ್ಥಾನ ನಿಜಾಮನ ಪಾಲಾಯಿತು.

ರಾಣಿಯ ಮಾತು ಎಲ್ಲಿ?

ಆತ್ಮಕಥೆಯಲ್ಲಿ ಇನ್ನೊಬ್ಬರಿದ್ದಾರೆ: ರಾಜಮಾತೆ ರಾಣಿ ಈಶ್ವರಮ್ಮ. ಅಧಿಕಾರಕ್ಕಾಗಿ ಟೇಲರ್ ಜೊತೆ ಗುದ್ದಾಡಿದವರು. ಅವನು ಅವರ ರಾಜಕೀಯದ ಜೊತೆ ನಡತೆಯನ್ನೂ ಸೇರಿಸಿ ಹಳಿದಿದ್ದಾನೆ. ಗಂಡಸಾಗಿದ್ದರೆ ‘ಚಾಣಾಕ್ಷ’ ಎನ್ನಿಸಿಕೊಳ್ಳಬಹುದಾಗಿದ್ದವರು ಹೆಣ್ಣಾದ್ದರಿಂದ ‘ಕೆಟ್ಟವಳು’ ಆದರು. ಸಿಮೊನ್ ದ ಬೋವಾ 1949ರಲ್ಲಿ ‘ದಿ ಸೆಕೆಂಡ್ ಸೆಕ್ಸ್’ನಲ್ಲಿ ಹೇಳಿದ್ದು ಇದನ್ನೇ. ಅಳತೆಗೋಲು ಗಂಡಿನದು, ಹೆಣ್ಣು ಯಾವಾಗಲೂ ಅದರಾಚೆಯ ‘ಬೇರೆ’. ಎಚ್.ಎಸ್. ಶ್ರೀಮತಿ ಅವರ ಅನುವಾದದಿಂದ ಈ ಪುಸ್ತಕ ಕನ್ನಡದಲ್ಲೂ ಇದೆ.

ಇನ್ನೊಂದು ಹೆಜ್ಜೆ ಮುಂದೆ ಹೋದವರು ಫ್ರಾಂಜ್ ಫಾನನ್. ಮಾರ್ಟಿನಿಕ್ ದ್ವೀಪದಲ್ಲಿ ಹುಟ್ಟಿ, ಅಲ್ಜೀರಿಯಾದಲ್ಲಿ ಮನೋವೈದ್ಯರಾಗಿದ್ದವರು. ಅಲ್ಲಿ ಫ್ರೆಂಚ್ ಆಡಳಿತ ಹೆಣ್ಣುಮಕ್ಕಳ ಮುಸುಕು ತೆಗೆಸುವುದನ್ನು ‘ಬಿಡುಗಡೆ’ ಅನ್ನುತ್ತಿತ್ತು. ಹೆಂಗಸರನ್ನು ತಮ್ಮ ಕಡೆ ಸೆಳೆದರೆ ಆ ಸಮಾಜವೇ ಕೈಗೆ ಸಿಗುತ್ತದೆ ಎಂಬ ಲೆಕ್ಕ ಅದರ ಹಿಂದೆ ಇತ್ತೆಂದು ಫಾನನ್ 1959ರಲ್ಲಿ ಬರೆದರು. ಅಲ್ಲಿ ಹೆಣ್ಣನ್ನು ಕಾಪಾಡುವ ಮಾತು, ಸುರಪುರದಲ್ಲಿ ಹೆಣ್ಣಿನಿಂದ ಸಂಸ್ಥಾನವನ್ನು ಕಾಪಾಡುವ ಮಾತು. ಎರಡೂ ಕಡೆ ತೀರ್ಪು ಕೊಟ್ಟವನು ಹೊರಗಿನಿಂದ ಬಂದವನೇ. ಅವಳು ಏನಂದಳು ಅಂತ ಕೇಳಿದವರು ಕಡಿಮೆ.

ಸೊನ್ನೆ ರೂಪಾಯಿಯ ಚೀಟಿ

ಇದೆಲ್ಲ ಹಳೇ ಕಥೆ ಅನ್ನುವವರು ಈಗ ಬಸ್ಸಿನೊಳಗೇ ನೋಡಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಕಂಡಕ್ಟರ್ ಕೊಡುವುದು ಶೂನ್ಯ ದರದ ಟಿಕೆಟ್. ಲೆಕ್ಕದಲ್ಲಿ ಅದೊಂದು ರಸೀದಿ: ಈ ಪ್ರಯಾಣದ ಹಣವನ್ನು ಸರ್ಕಾರ ಸಾರಿಗೆ ನಿಗಮಕ್ಕೆ ಕೊಡಬೇಕು ಎಂದರ್ಥ. ಆದರೆ ಜನರ ಬಾಯಲ್ಲಿ ಅದರ ಅರ್ಥ ‘ಫ್ರೀ’. ಅಲ್ಲಿಂದ ಮುಂದಕ್ಕೆ ‘ಕೆಲಸ ಇಲ್ಲದೆ ತಿರುಗಾಡ್ತಾರ’ ಎಂಬ ಜೋಕು, ವಾಟ್ಸ್ಆ್ಯಪ್ ಫಾರ್ವರ್ಡು.

ಭೀಮರಾಯನಗುಡಿಯಲ್ಲೇ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿವೆ. ಕಾಲುವೆ ಕಟ್ಟಿದ್ದೂ ಸರ್ಕಾರದ ದುಡ್ಡಿನಲ್ಲೇ. ಅದಕ್ಕೆ ನಾವು ‘ಅಭಿವೃದ್ಧಿ’ ಅಂತೇವೆ. ಅದೇ ಖಜಾನೆಯಿಂದ ಒಬ್ಬ ಕೂಲಿ ಹೆಣ್ಣುಮಗಳು ಸುರಪುರದ ಆಸ್ಪತ್ರೆಗೆ ಹೋಗಿಬಂದರೆ ‘ಫ್ರೀ’. ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಇರಲಿ, ನಡೆಯಲಿ. ಈ ಎರಡು ಪದಗಳು ಯಾಕೆ ಬೇರೆ ಬೇರೆಯಾದವು ಅನ್ನುವುದೂ ಚರ್ಚೆಗೆ ಬರಬೇಕು.

ಎಲ್ಲಿಂದ ಶುರು?

‘ಮಿಥಾಲಜೀಸ್’ನ ಲೇಖನಗಳು ಹೆಚ್ಚಿನವು ಎರಡು-ಮೂರು ಪುಟದವು. ಇಂಗ್ಲಿಷ್ ಅನುವಾದ ಸಿಗುತ್ತದೆ. ವಾರಕ್ಕೊಂದು ಓದಿ. ಕೊನೆಯಲ್ಲಿರುವ ಉದ್ದನೆಯ ಪ್ರಬಂಧ ಕಷ್ಟ, ಅದನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ಓದಿದ ಮೇಲೆ ಆ ವಾರ ಕಣ್ಣಿಗೆ ಬಿದ್ದ ಒಂದು ಬೋರ್ಡು, ಜಾಹೀರಾತು ಅಥವಾ ಜೋಕಿಗೆ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಕಾಣುವುದೇನು? ಅದು ಹೇಳದೆ ಹೇಳುತ್ತಿರುವುದೇನು? ಅದರಿಂದ ಯಾರಿಗೆ ಅನುಕೂಲ?

ಟೇಲರ್‌ನ ಆತ್ಮಕಥೆ ಇವತ್ತೂ ಓದಲು ಸಿಗುತ್ತದೆ. ರಾಣಿ ಈಶ್ವರಮ್ಮ ಬರೆದ ಆತ್ಮಕಥೆ ನಮ್ಮ ಕೈಯಲ್ಲಿಲ್ಲ. ಅದಕ್ಕೇ ಇರುವ ಪುಸ್ತಕವನ್ನು ಈ ಮೂರು ಪ್ರಶ್ನೆ ಇಟ್ಟುಕೊಂಡು ಓದಬೇಕು.