ಏರುಪೇರಿನ ನೆಲದಲ್ಲಿ ಗೂಟವನ್ನೊತ್ತುವ ಯಂತ್ರ

ಮೆತ್ತನೆಯ ನೆಲದ ಮೇಲೆ ದೊಡ್ಡ ಕಟ್ಟಡವನ್ನೆಬ್ಬಿಸುವವರು ಕಾಂಕ್ರೀಟಿನ ಅಥವಾ ಉಕ್ಕಿನ ಗೂಟಗಳನ್ನು ಗಟ್ಟಿಯಾದ ಪದರ ಸಿಕ್ಕುವವರೆಗೆ ಭೂಮಿಯೊಳಕ್ಕೆ ಇಳಿಸಿ, ಅವುಗಳ ತಲೆಯ ಮೇಲೆ ಅಸ್ತಿವಾರವನ್ನು ನಿಲ್ಲಿಸುವರೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಭಾರವಾದ ಸುತ್ತಿಗೆಯನ್ನು ಮೇಲಿಂದ ಬೀಳಿಸಿ ಗೂಟವನ್ನು ಹೊಡೆಯುವುದು ಹಳೆಯ ಕ್ರಮ. ಒಂದೊಂದು ಪೆಟ್ಟಿಗೂ ನೆರೆಮನೆಯ ಅಡುಗೆಮನೆಯ ಪಾತ್ರೆಗಳು ನಡುಗುವುವು. ತೊಟ್ಟಿಲಿನ ಕೂಸು ಬೆಚ್ಚಿ ಏಳುವುದು. ಹಳೆಯ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡರಂತೂ ವ್ಯಾಜ್ಯಕ್ಕೆ ಮೊದಲಾಗುವುದು. ಹೊಡೆಯದೆ, ಬರಿಯ ಒತ್ತಡದಿಂದಲೇ ಗೂಟವನ್ನಿಳಿಸುವ ಯಂತ್ರವು ಈ ಕಾಟವನ್ನು ಬಹುಮಟ್ಟಿಗೆ ತಪ್ಪಿಸಿದೆ. ಆದರೆ ಅದಕ್ಕೊಂದು ದೌರ್ಬಲ್ಯವುಂಟು. ಅದು ನಿಲ್ಲುವ ನೆಲವು ಸಮವಾಗಿಯೂ ಗಟ್ಟಿಯಾಗಿಯೂ ಇರಬೇಕು.

ಕಾರಣವು ಸರಳವಾದುದೇ. 500 ಟನ್ನಿನ ಬಲದಿಂದ ಗೂಟವನ್ನು ಒತ್ತಬೇಕಾದರೆ, ಯಂತ್ರವೂ ಅದರ ಮೇಲೆ ಹೇರಿದ ಕಬ್ಬಿಣದ ದಿಮ್ಮಿಗಳೂ ಸೇರಿ 500 ಟನ್ನಿಗಿಂತ ಹೆಚ್ಚು ತೂಗಬೇಕು. ಇಲ್ಲವಾದರೆ ಗೂಟವು ನಿಂತಲ್ಲೇ ನಿಂತು ಯಂತ್ರವೇ ಮೇಲಕ್ಕೇಳುವುದು! ಇಷ್ಟು ಭಾರವನ್ನು ನಿನ್ನೆಯವರೆಗೆ ಗದ್ದೆಯಾಗಿಯೋ ಕುಂಟೆಯಾಗಿಯೋ ಇದ್ದ ನೆಲವು ಹೊರಬೇಕಾಗಿದೆ.

ಚೀನಾದೇಶದಲ್ಲಿ ವಿಶೇಷವಾಗಿ ಬಳಕೆಯಲ್ಲಿರುವ ಮಾದರಿಗೆ ಚಕ್ರಗಳಿಲ್ಲ. ಉದ್ದನೆಯದೊಂದು ಜೊತೆ, ಗಿಡ್ಡನೆಯದೊಂದು ಜೊತೆ, ಹೀಗೆ ಅಗಲವಾದ ಉಕ್ಕಿನ ಪಾದಗಳುಂಟು. ಆಕಾರವನ್ನು ನೋಡಿ ಅಲ್ಲಿಯವರು ಇವುಗಳನ್ನು ದೋಣಿಗಳೆಂದೇ ಕರೆಯುವರು. ಯಂತ್ರವು ಒಂದು ಜೊತೆಯ ಮೇಲೆ ನಿಂತು ಇನ್ನೊಂದನ್ನೆತ್ತಿ, ಜಾರಿಸಿ, ಊರಿಕೊಂಡು ನಡೆಯುವುದು. ಉದ್ದನೆಯವು ಹಿಂದುಮುಂದಕ್ಕೆ, ಗಿಡ್ಡನೆಯವು ಅಡ್ಡಡ್ಡಕ್ಕೆ. ನಾಲ್ಕು ಕಾಲುಗಳಲ್ಲಿಯೂ ಎಣ್ಣೆಯ ಒತ್ತಡದಿಂದ ನೀಳುವ ಕೊಳವೆಗಳಿವೆ. ನಡೆಸುವವನು ರಸಮಟ್ಟವನ್ನು ನೋಡುತ್ತ, ನೆಲ ತಗ್ಗಾದ ಕಡೆಯ ಕಾಲನ್ನು ಅಷ್ಟೇ ನೀಡುವನು. ಓಲಾಡುವ ಮಣೆಯ ಅಡಿಯಲ್ಲಿ ನಾವು ಚಕ್ಕೆಯೊಂದನ್ನು ಇಡುವುದಿಲ್ಲವೆ, ಇದೂ ಹಾಗೆಯೇ. ಅಲ್ಪಸ್ವಲ್ಪ ಏರುಪೇರು ಹೀಗೆ ತೀರಿಹೋಗುವುದು.

ಆದರೆ ಒತ್ತುತ್ತಿರುವಾಗಲೇ ಒಂದು ಪಾದ ಕುಸಿದರೆ? ಯಂತ್ರದ ಹಿಡಿಯಲ್ಲಿರುವ ಗೂಟವೂ ಅದರೊಡನೆ ವಾಲುವುದು. ಒಂದೇ ಒಂದು ಡಿಗ್ರಿ ವಾಲಿದರೂ 60 ಅಡಿ ಉದ್ದದ ಗೂಟದ ತುದಿಯು ತನ್ನ ಸ್ಥಾನದಿಂದ ಒಂದು ಅಡಿಗಿಂತ ಹೆಚ್ಚು ಸರಿದುಹೋಗುವುದು. ನಮ್ಮ ದೇಶದ ನಿಯಮವು ನೇರ ಗೂಟಕ್ಕೆ ನೂರಕ್ಕೆ ಒಂದೂವರೆಯಷ್ಟು ಮಾತ್ರ ಓರೆಯನ್ನು ಒಪ್ಪುವುದಾದುದರಿಂದ, ಅಂತಹ ಗೂಟವು ಆಗಲೇ ಮೇರೆ ಮೀರಿತು. ಅರ್ಧ ಇಳಿದ ಗೂಟವನ್ನು ಯಂತ್ರದಿಂದ ಎಳೆದು ನೆಟ್ಟಗೆ ಮಾಡಹೊರಟರೆ ಅದು ಒಳಗೇ ಮುರಿಯುವ ಸಂಭವವುಂಟು. ಮುರಿದುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದುದರಿಂದ ಬುದ್ಧಿವಂತರು ಯಂತ್ರವನ್ನು ತರಿಸುವುದಕ್ಕೆ ಮುಂಚೆ ನೆಲವನ್ನು ಹದಮಾಡುವರು. ನೀರನ್ನು ಬಸಿದು, ಕೆಸರನ್ನು ತೆಗೆದು, ಇಟ್ಟಿಗೆಚೂರು ಜಲ್ಲಿಗಳನ್ನು ಹರಡಿ ಉರುಳೆಯಿಂದ ಒತ್ತುವರು; ಅದೂ ಸಾಲದಿದ್ದರೆ ದಪ್ಪನಾದ ಉಕ್ಕಿನ ಹಲಗೆಗಳನ್ನು ಹಾಸುವರು. ಇಳಿಜಾರಾಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಟ್ಟಮಾಡುವರು. ಎಲ್ಲಕ್ಕಿಂತಲೂ ಅಪಾಯಕರವಾದುದು, ಮೇಲೆ ನೋಡಿದರೆ ಸಮವಾಗಿಯೇ ಕಾಣುವ ಮುಚ್ಚಿದ ಹಳೆಯ ಬಾವಿ. ನಿವೇಶನದಲ್ಲಿ ಬಾವಿಯಾಗಲಿ ಕಕ್ಕಸುಗುಂಡಿಯಾಗಲಿ ಎಲ್ಲಿತ್ತೆಂಬುದು ಮನೆಯ ಹಿರಿಯರಿಗೆ ನೆನಪಿದ್ದರೆ, ಅದನ್ನು ಇಂಜಿನಿಯರಿಗೆ ಮೊದಲೇ ತಿಳಿಸುವುದು ಕೆಲಸಗಾರರ ಪ್ರಾಣವನ್ನುಳಿಸುವ ಉಪಕಾರವೆಂದು ನಾವು ತಿಳಿದಿದ್ದೇವೆ.

ಸದ್ದಿಲ್ಲವೆಂದ ಮಾತ್ರಕ್ಕೆ ನೆರೆಯವರು ನಿಶ್ಚಿಂತರಾಗಿರುವಂತೆಯೂ ಇಲ್ಲ. ಇಳಿದ ಗೂಟವು ತಾನು ಹಿಡಿದ ಜಾಗದ ಮಣ್ಣನ್ನು ಪಕ್ಕಕ್ಕೂ ಮೇಲಕ್ಕೂ ತಳ್ಳುವುದಷ್ಟೆ. ಜೇಡಿಮಣ್ಣಿನಲ್ಲಿ ಇದು ಹೆಚ್ಚು. ಅದಕ್ಕಾಗಿ ಹಳೆಯ ಮನೆಯಿರುವ ಮಗ್ಗುಲಿನಿಂದ ಮೊದಲುಮಾಡಿ ದೂರದೂರಕ್ಕೆ ಸಾಗುವುದು ಒಳ್ಳೆಯ ಪದ್ಧತಿ. ಗುಂಡುಬಂಡೆಗಳು ಅಡಗಿರುವ ನೆಲಕ್ಕಾದರೋ ಈ ಯಂತ್ರ ತಕ್ಕುದಲ್ಲ. ಅಲ್ಲಿ ನೆಲವನ್ನು ಕೊರೆದು ಕಾಂಕ್ರೀಟನ್ನು ತುಂಬುವುದೇ ಮೇಲು.

ಭಾರವನ್ನು ಹೇರದೆಯೇ ಒತ್ತುವ ಉಪಾಯವೊಂದನ್ನು ಜಪಾನಿನ ಕೋಚಿ ಎಂಬ ಊರಿನ (ಇದು ಕೇರಳದ ಕೊಚ್ಚಿಯಲ್ಲ) ಅಕಿಯೊ ಕಿತಮುರ ಎಂಬವರು 1975ರಲ್ಲಿ ಸಾಧಿಸಿ ತೋರಿಸಿದರು. ಇವರ ಯಂತ್ರವು ನೆಲದ ಮೇಲೆ ನಿಲ್ಲುವುದೇ ಇಲ್ಲ! ಆಗಲೇ ಇಳಿಸಿದ ಕೆಲವು ಗೂಟಗಳ ತಲೆಗಳನ್ನು ಬಿಗಿಯಾಗಿ ಹಿಡಿದುಕೊಂಡು, ಮಣ್ಣು ಅವುಗಳನ್ನು ಕಚ್ಚಿ ಹಿಡಿದಿರುವ ಬಲವನ್ನೇ ಆಧಾರವಾಗಿ ಮಾಡಿಕೊಂಡು ಮುಂದಿನ ಗೂಟವನ್ನು ಒತ್ತುವುದು. ಬಳಿಕ ಆ ಹೊಸ ಗೂಟವನ್ನೇರಿ ಮುಂದಕ್ಕೆ ಸರಿಯುವುದು. ಕೆಳಗೆ ಇಳಿಜಾರೋ, ಕೆಸರೋ, ಹರಿಯುವ ನೀರೋ, ಯಂತ್ರಕ್ಕೆ ಅದರ ಗೊಡವೆಯಿಲ್ಲ. ಗೂಟಗಳ ತಲೆಗಳು ಒಂದೇ ಮಟ್ಟದಲ್ಲಿದ್ದರೆ ಸಾಕು. ನದಿಯ ದಡಗಳಲ್ಲಿಯೂ ಇಕ್ಕಟ್ಟಾದ ಪೇಟೆಗಳಲ್ಲಿಯೂ ಇದು ಬಹಳ ಉಪಯುಕ್ತವಾಗಿದೆ. ಆದರೆ ಹಿಡಿದುಕೊಳ್ಳಲು ಗೂಟವೇ ಇಲ್ಲದ ಆರಂಭದಲ್ಲಿ ಇದಕ್ಕೂ ಒಂದು ಪೀಠವನ್ನು ನೆಲದ ಮೇಲೆ ಮಟ್ಟವಾಗಿ ಇರಿಸಿ, ಅದರ ಮೇಲೆ ಭಾರವನ್ನು ಹೇರಿಯೇ ಮೊದಲ ಕೆಲವು ಗೂಟಗಳನ್ನು ಒತ್ತಬೇಕಾಗುತ್ತದೆ.