ಒಪ್ಪಂದದ ಕಾಗದ

ಮಧುವಾಹಿನಿ ಹೊಳೆಯ ದಡದಲ್ಲಿರುವ ಮಧೂರು ದೇವಸ್ಥಾನವನ್ನು ನೀವು ನೋಡಿರಬಹುದು. ಅಲ್ಲಿನ ಕಟ್ಟಡದಲ್ಲಿರುವ ಒಂದು ಗುರುತನ್ನು ತೋರಿಸಿ, "ಇದು ಟಿಪ್ಪು ಸುಲ್ತಾನನ ಖಡ್ಗದ ಗುರುತು" ಎಂದು ಹಿರಿಯರು ಹೇಳುವುದುಂಟು. ಇದು ಬಾಯಿಂದ ಬಾಯಿಗೆ ಬಂದ ಮಾತು. ಟಿಪ್ಪುವಿನ ಕಾಲದ ಇನ್ನೊಂದು ಗುರುತು ಕಾಗದದ ಮೇಲಿದೆ. ಅದು ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಆದ ಒಂದು ಒಪ್ಪಂದ.

ಒಪ್ಪಂದ ಎಂದರೇನು? ನಮ್ಮ ಊರಿನ ಒಂದು ಉದಾಹರಣೆ ನೋಡೋಣ. ಬೇಸಗೆ ಬರುವ ಮೊದಲು ಎರಡು ಮನೆಯವರು ಸೇರಿ ತೋಡಿಗೆ ಕಟ್ಟ ಹಾಕುತ್ತಾರೆ. ಯಾರ ಅಡಿಕೆ ತೋಟಕ್ಕೆ ಎಷ್ಟು ದಿನ ನೀರು ಎಂದು ಮೊದಲೇ ಮಾತಾಡಿಕೊಳ್ಳುತ್ತಾರೆ. ಬರಿಯ ಮಾತು ಮರೆತುಹೋಗಬಹುದು. ಅದನ್ನೇ ಬರೆದು ಇಬ್ಬರೂ ಸಹಿ ಹಾಕಿದರೆ ಮುಂದೆ ಜಗಳಕ್ಕೆ ಎಡೆ ಕಡಿಮೆ. ದೇಶಗಳೂ ಹೀಗೆಯೇ ಮಾಡುತ್ತವೆ. ಬೇರೆ ದೇಶಗಳೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಒಂದು ದೇಶವು ಮಾಡಿಕೊಂಡ ತೀರ್ಮಾನವೇ ವಿದೇಶಾಂಗ ನೀತಿ. ದೇಶದ ಪರವಾಗಿ ಇನ್ನೊಂದು ದೇಶಕ್ಕೆ ಹೋಗಿ ಮಾತಾಡುವವರು ರಾಯಭಾರಿಗಳು.

ಹಿಂದಿನ ಕಾಲದ ರಾಯಭಾರಿಗಳ ಸಂಗತಿ ನಮಗೆ ತಿಳಿದದ್ದು ಹೇಗೆ? ಬರೆದಿಟ್ಟವರಿಂದ. 1623ರಲ್ಲಿ ಗೋವೆಯ ಪೋರ್ಚುಗೀಸರು ಕೆಳದಿಯ ಅರಸ ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದರು. ಆಗ ನಾಯಕನು ಇಕ್ಕೇರಿಯಲ್ಲಿದ್ದನು. ಅವನ ನಾಡಿನ ಕಾಳುಮೆಣಸು ಪೋರ್ಚುಗೀಸರಿಗೆ ಬೇಕಾಗಿತ್ತು. ರಾಯಭಾರಿಯ ಜೊತೆಯಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಪ್ರವಾಸಿಯೂ ಹೊರಟನು. ಅವನು ಕಂಡದ್ದನ್ನೆಲ್ಲ ತನ್ನ ಗೆಳೆಯನಿಗೆ ಪತ್ರಗಳಲ್ಲಿ ಬರೆದನು. ಆ ಪತ್ರಗಳಲ್ಲಿ ಅರಸರ ಮಾತುಕತೆ ಮಾತ್ರವಲ್ಲ, ಮಕ್ಕಳೂ ಇದ್ದಾರೆ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಕೆಲವು ಹುಡುಗರು ನೆಲಕ್ಕೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದರು. ಜಾಗ ತುಂಬಿದಾಗ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಮರಳಿನ ಮೇಲಿನ ಅಂಕಿಗಳು ಅಂದೇ ಅಳಿಸಿಹೋದವು. ಪತ್ರದಲ್ಲಿ ಬರೆದುದರಿಂದ ಆ ಹುಡುಗರ ಪಾಠ ನಮಗೆ ಇಂದಿಗೂ ತಿಳಿಯುತ್ತದೆ.

ಈಗ ಮಂಗಳೂರಿನ ಒಪ್ಪಂದಕ್ಕೆ ಬರೋಣ. 1780ರಿಂದ ಮೈಸೂರಿಗೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಗೂ ಯುದ್ಧ ನಡೆಯುತ್ತಿತ್ತು. 1783ರಲ್ಲಿ ಕಂಪೆನಿಯ ಸೈನ್ಯ ಮಂಗಳೂರಿನ ಕೋಟೆಯನ್ನು ಹಿಡಿಯಿತು. ಟಿಪ್ಪು ಅದಕ್ಕೆ ಮುತ್ತಿಗೆ ಹಾಕಿದನು. ತಿಂಗಳುಗಟ್ಟಲೆ ಕೋಟೆಯೊಳಗಿದ್ದವರು ಊಟಕ್ಕಿಲ್ಲದೆ ಸೊರಗಿದರು. 1784ರ ಜನವರಿಯಲ್ಲಿ ಅವರು ಕೋಟೆಯನ್ನು ಬಿಟ್ಟುಕೊಟ್ಟರು. ಅದೇ ವರ್ಷ ಮಾರ್ಚ್ 11ರಂದು ಒಪ್ಪಂದವಾಯಿತು. ಯುದ್ಧದಲ್ಲಿ ಗೆದ್ದ ಊರುಗಳನ್ನು ಎರಡೂ ಕಡೆಯವರು ಹಿಂದಿರುಗಿಸಬೇಕು, ಸೆರೆಯಾಳುಗಳನ್ನು ಬಿಡಬೇಕು ಎಂದು ತೀರ್ಮಾನವಾಯಿತು.

ಆದರೆ ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿರಲಿಲ್ಲ. ಹಾಗಿರುವಾಗ ಮೊದಲು ಕೊಡುವವರು ಯಾರು? ಇದಕ್ಕೆ ಕಾಗದದಲ್ಲೇ ದಾರಿ ಹುಡುಕಿದರು. ಟಿಪ್ಪು ಸೆರೆಯಾಳುಗಳನ್ನೆಲ್ಲ ಬಿಡಬೇಕು. ಅವರ ಪ್ರಯಾಣಕ್ಕೆ ಆಹಾರ, ವಾಹನ ಒದಗಿಸಬೇಕು. ಅದರ ಖರ್ಚನ್ನು ಕಂಪೆನಿ ಕೊಡಬೇಕು. ಸೆರೆಯಾಳುಗಳೆಲ್ಲ ಬಂದು ಸೇರಿದ ಮೇಲೆ ಕಂಪೆನಿಯು ಕಣ್ಣೂರಿನ ಕೋಟೆಯನ್ನು ಅಲ್ಲಿಯ ರಾಣಿ ಅರಕ್ಕಲ್ ಬೀವಿಗೆ ಹಿಂದಿರುಗಿಸಬೇಕು. ನೋಡಿದಿರಾ? ನಂಬಿಕೆಯಿಲ್ಲದವರೂ ಹೆಜ್ಜೆ ಹೆಜ್ಜೆಯಾಗಿ ಒಂದು ಕೆಲಸ ಮಾಡುವಂತೆ ಒಪ್ಪಂದವನ್ನು ಬರೆಯಬಹುದು. ಸೆರೆಮನೆಯಲ್ಲಿ ದಿನ ಎಣಿಸುತ್ತಿದ್ದವರಿಗೆ ಆ ಕೆಲವು ಸಾಲುಗಳೇ ಮನೆಯ ದಾರಿ.

ಆದರೂ ಎಲ್ಲರನ್ನೂ ಬಿಟ್ಟಿಲ್ಲವೆಂದು ಕಂಪೆನಿಯ ಕಡೆಯವರು ಮುಂದೆ ದೂರಿದರು. ಆರು ವರ್ಷಗಳೊಳಗೆ ಮತ್ತೆ ಯುದ್ಧ ಬಂತು. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಒಪ್ಪಂದವಾಯಿತು. ಟಿಪ್ಪು ತನ್ನ ರಾಜ್ಯದ ಸುಮಾರು ಅರ್ಧ ಭಾಗವನ್ನು ಬಿಟ್ಟುಕೊಟ್ಟನು. ಬಹಳ ಹಣವನ್ನೂ ಕೊಡಬೇಕಾಗಿತ್ತು. ಅದು ಸಲ್ಲುವವರೆಗೆ ಅವನ ಇಬ್ಬರು ಮಕ್ಕಳನ್ನು ಇಂಗ್ಲಿಷರು ಒತ್ತೆಯಾಗಿ ಕರೆದೊಯ್ದರು. ಒಬ್ಬನಿಗೆ ಸುಮಾರು 10 ವರ್ಷ, ಇನ್ನೊಬ್ಬನಿಗೆ ಸುಮಾರು 8. ನಿಮ್ಮದೇ ವಯಸ್ಸು! ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ದೊಡ್ಡವರ ಒಪ್ಪಂದದ ಭಾರ ಕೆಲವೊಮ್ಮೆ ಚಿಕ್ಕವರ ಮೇಲೂ ಬೀಳುತ್ತದೆ.

ಸ್ವತಂತ್ರ ಭಾರತವೂ ಅನೇಕ ಒಪ್ಪಂದಗಳನ್ನು ಮಾಡಿಕೊಂಡಿದೆ. 1954ರ ಏಪ್ರಿಲ್ 29ರಂದು ಚೀನಾದೊಂದಿಗೆ ಮಾಡಿದ ಒಪ್ಪಂದದಲ್ಲಿ ಪಂಚಶೀಲ ತತ್ವಗಳಿವೆ. ಒಬ್ಬರ ಮೇಲೊಬ್ಬರು ಆಕ್ರಮಣ ಮಾಡಬಾರದು, ಶಾಂತಿಯಿಂದ ಜೊತೆಯಾಗಿ ಬಾಳಬೇಕು ಎಂಬವು ಅವುಗಳಲ್ಲಿ ಎರಡು. ಕೈಲಾಸ, ಮಾನಸ ಸರೋವರಕ್ಕೆ ಹೋಗುವ ಯಾತ್ರಿಕರ ವಿಷಯವೂ ಅದರಲ್ಲಿತ್ತು. ಆದರೆ 1962ರಲ್ಲಿ ಎರಡು ದೇಶಗಳ ನಡುವೆ ಯುದ್ಧವಾಯಿತು. ಒಳ್ಳೆಯ ಮಾತನ್ನು ಬರೆದರೆ ಸಾಲದು, ಪಾಲಿಸಲೂ ಬೇಕು.

ಹಾಗಾದರೆ ಮುರಿದುಹೋದ ಒಪ್ಪಂದದ ಕಾಗದವನ್ನು ಏಕೆ ಕಾಪಾಡಬೇಕು? ಯಾರು ಏನು ಮಾತು ಕೊಟ್ಟಿದ್ದರು, ಯಾರು ತಪ್ಪಿದರು ಎಂದು ತಿಳಿಯಲು ಅದೇ ಸಾಕ್ಷಿ. ಇಂತಹ ಕಾಗದಗಳನ್ನು ಕಾಪಾಡುವ ಸ್ಥಳವೇ ಪತ್ರಾಗಾರ. ಭಾರತದ ರಾಷ್ಟ್ರೀಯ ಪತ್ರಾಗಾರ ದೆಹಲಿಯಲ್ಲಿದೆ. ಅದು 1891ರಲ್ಲಿ ಕೋಲ್ಕತ್ತದಲ್ಲಿ ಆರಂಭವಾಯಿತು. ನಮ್ಮ ರಾಜ್ಯದ ತಿರುವನಂತಪುರ, ಕೋಯಿಕ್ಕೋಡುಗಳಲ್ಲಿಯೂ ಪತ್ರಾಗಾರಗಳಿವೆ. ಗೆದ್ದಲು, ತೇವ, ಬೆಂಕಿ ಇವು ಕಾಗದದ ಶತ್ರುಗಳು. ನಮ್ಮ ಊರಿನ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸ್ಟು ಹಿಡಿಯುವುದನ್ನು ನೀವೇ ಕಂಡಿದ್ದೀರಲ್ಲ! ಒಂದು ಹಾಳೆ ಹಾಳಾದರೆ ಒಂದು ಸಾಕ್ಷಿ ಇಲ್ಲವಾಗುತ್ತದೆ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳನ್ನೂ ಎಸೆಯುವ ಮೊದಲು ಒಮ್ಮೆ ಓದಿ ನೋಡಬೇಕು.

ಮಾಡೋಣ

1. ಮಂಗಳೂರು ಒಪ್ಪಂದದಲ್ಲಿ ಮೊದಲು ಆಗಬೇಕಾದದ್ದು ಯಾವುದು? ಅನಂತರ ಆಗಬೇಕಾದದ್ದು ಯಾವುದು? ಕ್ರಮವಾಗಿ ಬರೆಯಿರಿ.

2. ಶಾಲೆಯ ಆಟದ ಬಯಲನ್ನು ಎರಡು ತರಗತಿಯವರು ಹಂಚಿಕೊಳ್ಳಬೇಕಾಗಿದೆ. ಗುಂಪಿನಲ್ಲಿ ಚರ್ಚಿಸಿ ಒಂದು ಒಪ್ಪಂದಪತ್ರ ತಯಾರಿಸಿರಿ. ಯಾರಾದರೂ ತಪ್ಪಿದರೆ ಏನು ಮಾಡಬೇಕೆಂಬುದನ್ನೂ ಸೇರಿಸಿರಿ.

3. ನಿಮ್ಮ ಊರಿನ ಬಗ್ಗೆ ಹಿರಿಯರು ಹೇಳುವ ಒಂದು ಹಳೆಯ ಸಂಗತಿಯನ್ನು ಕೇಳಿ ಬರೆಯಿರಿ. ಹೇಳಿದವರ ಹೆಸರನ್ನೂ ಬರೆದ ದಿನಾಂಕವನ್ನೂ ಕೆಳಗೆ ನಮೂದಿಸಿರಿ.